ಎಚ್‌ಪಿ ಕೇಳುವ ಮುನ್ನ ಆರ್‌ಪಿಎಂ ಕೇಳಿ

ಹೆಸರು, ಹತ್ತಿ, ಒಣಮೆಣಸಿನಕಾಯಿ ಮಾರಿ ನಾಲ್ಕು ಕಾಸು ಕೈಗೆ ಬಂದ ವರ್ಷ ನವಲಗುಂದ ಸೀಮೆಯ ಮನೆಗಳಲ್ಲಿ ಹೊಸ ಬೈಕಿನ ಮಾತು ಏಳುತ್ತದೆ. ಹಿರಿಯರು ಕೇಳುವುದು ಆ್ಯವರೇಜ್ ಎಷ್ಟು ಎಂದು, ಹುಡುಗರು ಕೇಳುವುದು ಎಷ್ಟು ಎಚ್‌ಪಿ ಎಂದು. ಹುಬ್ಬಳ್ಳಿಯ ಶೋರೂಮಿನಲ್ಲಿ ಕೈಗಿಡುವ ಬಣ್ಣದ ಹಾಳೆಯೂ ಈ ಎರಡಕ್ಕೇ ಉತ್ತರ ಕೊಟ್ಟು ಸುಮ್ಮನಾಗುತ್ತದೆ. ಅದೇ ಹಾಳೆಯ ಕೆಳಗಡೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಂಖ್ಯೆ ಇರುತ್ತದೆ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಸುತ್ತಿದಾಗ ಆ ಶಕ್ತಿ, ಆ ಟಾರ್ಕ್ ಸಿಗುತ್ತದೆ ಎನ್ನುವ ಆರ್‌ಪಿಎಂ ಲೆಕ್ಕ ಅದು. ಯಾರೂ ಅದನ್ನು ಓದುವುದಿಲ್ಲ. ನನ್ನ ವಾದ ಇಷ್ಟೇ: ಧಾರವಾಡ ಜಿಲ್ಲೆಯ ಹಳ್ಳಿ ರಸ್ತೆಯಲ್ಲಿ ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಟ್ಯಾಂಕಿನ ಮೇಲೆ ಒಂದು ಚೀಲ ಇಟ್ಟುಕೊಂಡು ಓಡಾಡುವವನಿಗೆ ಎಚ್‌ಪಿಗಿಂತ ಆ ಸಣ್ಣ ಅಕ್ಷರದ ಸಂಖ್ಯೆಯೇ ಮುಖ್ಯ. 1990ರ ದಶಕದ ನಡುವಿನಲ್ಲಿ ಹೊರದೇಶಗಳಲ್ಲಿ ಬಂದ ಕ್ರೂಸರ್, ಅಂದರೆ ಒರಗಿ ಕೂತು ನಿಧಾನ ಓಡಿಸುವ ಉದ್ದನೆಯ ಬೈಕುಗಳ ತಾಂತ್ರಿಕ ವಿವರಗಳನ್ನು ಓದಿದರೆ ಇದು ಸ್ಪಷ್ಟವಾಗುತ್ತದೆ. ಅವುಗಳನ್ನು ಮಾಡಿದ ಕಂಪನಿಗಳು ಎಚ್‌ಪಿಯನ್ನು ಬೇಕೆಂದೇ ಕಡಿಮೆ ಮಾಡಿದ್ದವು.

ಮೊದಲು ಲೆಕ್ಕ ತಿಳಿದುಕೊಳ್ಳೋಣ. ಟಾರ್ಕ್ ಎಂದರೆ ಎಂಜಿನ್ ತಿರುಚಿ ಜಗ್ಗುವ ಬಲ, ಅದನ್ನು ನ್ಯೂಟನ್ ಮೀಟರ್, ಅಂದರೆ ಎನ್‌ಎಂನಲ್ಲಿ ಅಳೆಯುತ್ತಾರೆ. ಎಚ್‌ಪಿ ಎಂದರೆ ಆ ಬಲವನ್ನು ಎಷ್ಟು ಬೇಗ ಬೇಗ ಹಾಕಲಾಗುತ್ತದೆ ಎನ್ನುವುದು. ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 7,000ದಿಂದ ಭಾಗಿಸಿದರೆ ಆ ವೇಗದಲ್ಲಿ ಎಂಜಿನ್ ಕೊಡುವ ಎಚ್‌ಪಿ ಹೆಚ್ಚುಕಡಿಮೆ ಸರಿಯಾಗಿ ಸಿಗುತ್ತದೆ. ಹೀಗಾಗಿ ಎಚ್‌ಪಿ ಹೆಚ್ಚಿಸಲು ದಾರಿ ಎರಡು: ಬಲ ಹೆಚ್ಚಿಸಬೇಕು, ಇಲ್ಲವೇ ಸುತ್ತು ಹೆಚ್ಚಿಸಬೇಕು. ಜಾಹೀರಾತಿನಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ, ರಸ್ತೆಯಲ್ಲಿ ಕಾಣುವುದಿಲ್ಲ. ರೈತರಿಗೆ ಈ ವ್ಯತ್ಯಾಸ ಹೊಸದೇನಲ್ಲ. 45 ಎಚ್‌ಪಿಯ ಟ್ರ್ಯಾಕ್ಟರ್ ತನ್ನ ಪೂರ್ತಿ ಶಕ್ತಿ ಕೊಡುವುದು ಸುಮಾರು 2,000 ಆರ್‌ಪಿಎಂನಲ್ಲಿ, ಅಂದರೆ ಅದರ ಟಾರ್ಕ್ 150 ಎನ್‌ಎಂ ಮೀರಿರುತ್ತದೆ. ಇಂದಿನ ಪಲ್ಸರ್ ಎನ್‌ಎಸ್ 200 ಬೈಕಿನದು ಸುಮಾರು 24 ಎಚ್‌ಪಿ. ಕಾಗದದ ಮೇಲೆ ಎರಡು ಪಲ್ಸರ್ ಸೇರಿದರೆ ಒಂದು ಟ್ರ್ಯಾಕ್ಟರ್ ಆಗಬೇಕು. ಹಾಗೆ ನಂಬಿ ಎರೆಹೊಲಕ್ಕೆ ನೇಗಿಲು ಕಟ್ಟುವವರು ಯಾರೂ ಇಲ್ಲ. ಟ್ರ್ಯಾಕ್ಟರ್ ಕೊಳ್ಳುವಾಗ ‘ಎಷ್ಟು ಜಗ್ಗುತ್ತದೆ’ ಎಂದು ಕೇಳುವ ಅದೇ ಮನೆ ಬೈಕ್ ಕೊಳ್ಳುವಾಗ ಮಾತ್ರ ಆ ಪ್ರಶ್ನೆ ಬಿಟ್ಟುಬಿಡುತ್ತದೆ.

ಈಗ ಆ ಕ್ರೂಸರುಗಳ ಕಡೆ ಬರೋಣ. 1996ರಲ್ಲಿ ಯಮಾಹಾ ಕಂಪನಿ ರಾಯಲ್ ಸ್ಟಾರ್ ಎಂಬ ಬೈಕ್ ತಂದಿತು. 1,294 ಸಿಸಿ, ನಾಲ್ಕು ಸಿಲಿಂಡರಿನ ವಿ ಆಕಾರದ ಎಂಜಿನ್, 300 ಕೆ.ಜಿ.ಗೂ ಹೆಚ್ಚು ತೂಕ. ಎಂಜಿನ್ ಹೊಸದೇನಲ್ಲ, 1985ರಿಂದ ಮಾರಾಟದಲ್ಲಿದ್ದ ಅದೇ ಕಂಪನಿಯ ವಿ-ಮ್ಯಾಕ್ಸ್‌ನಿಂದ ಬಂದದ್ದು. ವಿ-ಮ್ಯಾಕ್ಸ್ 1,198 ಸಿಸಿಯಲ್ಲೇ 145 ಎಚ್‌ಪಿ ಕೊಡುತ್ತದೆಂದು ಕಂಪನಿ ಹೇಳಿಕೊಂಡಿತ್ತು. ರಾಯಲ್ ಸ್ಟಾರ್‌ನಲ್ಲಿ ಸಿಸಿ ಹೆಚ್ಚಿತು, ಎಚ್‌ಪಿ ಮಾತ್ರ 74ಕ್ಕೆ ಇಳಿಯಿತು. ಆ 74 ಸಿಗುತ್ತಿದ್ದದ್ದು 5,000ಕ್ಕೂ ಕಡಿಮೆ ಆರ್‌ಪಿಎಂನಲ್ಲಿ, ಟಾರ್ಕಿನ ತುದಿ 3,500ರ ಆಸುಪಾಸಿನಲ್ಲಿ. ಅರ್ಧ ಶಕ್ತಿಯನ್ನು ಕಂಪನಿ ತಾನಾಗಿಯೇ ಬಿಟ್ಟುಕೊಟ್ಟಿತು. 1995ರ ಹೋಂಡಾ ಶ್ಯಾಡೋ ಎಸಿಇ ಕತೆಯೂ ಇದೇ. 1,099 ಸಿಸಿಯ ಹಿಂದಿನ ಶ್ಯಾಡೋ ನಡುಕವಿಲ್ಲದೆ ಓಡಲೆಂದು ಎರಡು ಕನೆಕ್ಟಿಂಗ್ ರಾಡುಗಳಿಗೆ ಬೇರೆಬೇರೆ ಕ್ರ್ಯಾಂಕ್ ಪಿನ್ ಇಟ್ಟಿದ್ದರು. ಎಸಿಇಯಲ್ಲಿ ಒಂದೇ ಪಿನ್ನಿಗೆ ಎರಡನ್ನೂ ಸೇರಿಸಿ, ನಿಧಾನ ಬಡಿತದ ಎಂಜಿನ್ ಮಾಡಿದರು. ನಡುಕ ಹೆಚ್ಚಿತು, ಶಕ್ತಿ ಇಳಿಯಿತು, ಬೈಕ್ ಮಾತ್ರ ಚೆನ್ನಾಗಿ ಮಾರಾಟವಾಯಿತು. ಇವೆಲ್ಲಕ್ಕೂ ಮಾದರಿಯಾಗಿದ್ದ ಹಾರ್ಲೆ ಡೇವಿಡ್ಸನ್ 1,340 ಸಿಸಿಯ ಎವಲ್ಯೂಷನ್ ಎಂಜಿನ್ ಮಾರುತ್ತಿದ್ದ ಕಾಲ ಅದು. ತನ್ನ ಎಂಜಿನ್ ಸದ್ದಿಗೇ ಟ್ರೇಡ್‌ಮಾರ್ಕ್ ಬೇಕೆಂದು 1994ರಲ್ಲಿ ಅರ್ಜಿ ಹಾಕಿ 2000ದಲ್ಲಿ ಹಿಂದಕ್ಕೆ ತೆಗೆದುಕೊಂಡ ಕಂಪನಿಯಿದು. ತನ್ನ ವಿವರಪಟ್ಟಿಗಳಲ್ಲಿ ಅದು ಟಾರ್ಕ್ ಹೇಳುತ್ತಿತ್ತು, ಎಚ್‌ಪಿ ಹೇಳುವ ಗೋಜಿಗೆ ಹೋಗುತ್ತಿರಲಿಲ್ಲ. ಜಗತ್ತಿನ ಅತಿ ದುಬಾರಿ ಬೈಕುಗಳಲ್ಲಿ ಕೆಲವನ್ನು ಮಾರುವವರು ಎಚ್‌ಪಿಯನ್ನು ಲೆಕ್ಕಕ್ಕೇ ಇಡದೆ ಮಾರಿದರು.

ಇದರ ಹಿಂದಿರುವ ಯಂತ್ರಶಾಸ್ತ್ರ ಸರಳವಾದದ್ದು. ಎಂಜಿನ್ ನಿಧಾನವಾಗಿ ಸುತ್ತುವಾಗಲೇ ಸಿಲಿಂಡರಿಗೆ ಗಾಳಿ ಮತ್ತು ಪೆಟ್ರೋಲು ಚೆನ್ನಾಗಿ ತುಂಬಿ, ಅದು ತಡವರಿಸದೆ ಓಡಬೇಕೆಂದರೆ ವಾಲ್ವುಗಳು ತೆರೆದಿರುವ ಅವಧಿ ಚಿಕ್ಕದಿರಬೇಕು, ಗಾಳಿ ಬರುವ ಕೊಳವೆ ಕಿರಿದಾಗಿರಬೇಕು, ಫ್ಲೈವೀಲ್ ಭಾರವಿರಬೇಕು. ಅದೇ ಎಂಜಿನ್ 9,000 ಸುತ್ತು ಸುತ್ತಬೇಕೆಂದರೆ ಎಲ್ಲವೂ ತಿರುಗುಮುರುಗಾಗಬೇಕು. ಎರಡನ್ನೂ ಒಟ್ಟಿಗೆ ಪೂರ್ತಿಯಾಗಿ ಪಡೆಯಲು ಆಗುವುದಿಲ್ಲ, ಯಾವುದಾದರೂ ಒಂದನ್ನು ಆರಿಸಿಕೊಳ್ಳಬೇಕು. ನಮ್ಮ ಮಾರುಕಟ್ಟೆಯ ಮೂರು ಎಂಜಿನ್ನುಗಳನ್ನು ಪಕ್ಕಪಕ್ಕ ಇಟ್ಟರೆ ಈ ಆಯ್ಕೆ ಕಣ್ಣಿಗೆ ಕಟ್ಟುತ್ತದೆ. ಹಳೆಯ 350 ಬುಲೆಟ್‌ನ ಸಿಲಿಂಡರ್ ಅಗಲ 70 ಮಿಲಿಮೀಟರ್, ಪಿಸ್ಟನ್ ಓಡುವ ದೂರ 90. ಈಗಿನ ರಾಯಲ್ ಎನ್‌ಫೀಲ್ಡ್ ಮೀಟಿಯರ್ 350ರದು 72 ಮತ್ತು 85.8. ಪಲ್ಸರ್ ಎನ್‌ಎಸ್ 200ರದು 72 ಮತ್ತು 49. ಸಿಲಿಂಡರ್ ಅಗಲ ಮೂರಕ್ಕೂ ಹೆಚ್ಚುಕಡಿಮೆ ಒಂದೇ, ಆದರೆ ಪಿಸ್ಟನ್ ಓಟದಲ್ಲಿ ಅಜಗಜಾಂತರ. ಓಟ ಗಿಡ್ಡವಾದ್ದರಿಂದ ಪಲ್ಸರ್ ಸುಮಾರು 9,750 ಆರ್‌ಪಿಎಂ ತನಕ ಏರಿ 24 ಎಚ್‌ಪಿ ತಲುಪುತ್ತದೆ, ಟಾರ್ಕ್ 18.7 ಎನ್‌ಎಂ, ಅದೂ 8,000 ಆರ್‌ಪಿಎಂಗೆ. ಮೀಟಿಯರ್ 6,100ಕ್ಕೇ 20 ಎಚ್‌ಪಿಯ ಸುಮಾರಿಗೆ ನಿಲ್ಲುತ್ತದೆ, ಆದರೆ 27 ಎನ್‌ಎಂ ಟಾರ್ಕನ್ನು 4,000ಕ್ಕೇ ಕೊಡುತ್ತದೆ. 1990ರ ದಶಕದ ಬುಲೆಟ್ 18 ಎಚ್‌ಪಿಯದು, ಅದರ 32 ಎನ್‌ಎಂ ಟಾರ್ಕ್ ಸಿಗುತ್ತಿದ್ದದ್ದು 3,000 ಆರ್‌ಪಿಎಂಗೆ.

ಕರ್ನಾಟಕಕ್ಕೆ ಈ ಚರ್ಚೆಯಲ್ಲಿ ತನ್ನದೇ ಪಾಲು ಇದೆ. 1961ರಿಂದ ಮೈಸೂರಿನ ಯಾದವಗಿರಿಯಲ್ಲಿ ಬೈಕ್ ಮಾಡುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ ಜಾವಾ, ಆಮೇಲೆ ಯೆಜ್ಡಿ ಹೆಸರಿನ ಗಾಡಿಗಳನ್ನು ದೇಶಕ್ಕೆಲ್ಲ ಕಳಿಸಿತು. ಅದರ 250 ಸಿಸಿ ರೋಡ್‌ಕಿಂಗ್ ಸುಮಾರು 16 ಎಚ್‌ಪಿ ಕೊಡುತ್ತಿದ್ದದ್ದು 4,500 ಆರ್‌ಪಿಎಂನಲ್ಲಿ. ಟೂ ಸ್ಟ್ರೋಕ್ ಗಾಡಿಯೊಂದು ಇಷ್ಟು ಕಡಿಮೆ ಸುತ್ತಿನಲ್ಲಿ ಜಗ್ಗುವುದು ಅಪರೂಪ. ಅದೇ ಕಾಲದ ಯಮಾಹಾ ಆರ್‌ಎಕ್ಸ್ 100 ತನ್ನ 11 ಎಚ್‌ಪಿ ಕೊಡಲು 7,500ಕ್ಕೆ ಏರಬೇಕಿತ್ತು. ಆದರೆ 1990ರ ದಶಕದ ನಡುವಿನಲ್ಲಿ ಗಾಳಿ ತಿರುಗಿತು. 1994ರಲ್ಲಿ ಹೀರೋ ಹೋಂಡಾ ಸ್ಪ್ಲೆಂಡರ್ ಬಂತು. 1996ರಲ್ಲಿ ಹೊಗೆಯ ನಿಯಮ ಬಿಗಿಯಾಯಿತು, ಅದೇ ವರ್ಷ ಮೈಸೂರಿನ ಕಾರ್ಖಾನೆ ಮುಚ್ಚಿತು, ಆರ್‌ಎಕ್ಸ್ 100 ತಯಾರಿಕೆಯೂ ನಿಂತಿತು. ಹೊಗೆ ಉಗುಳುವ, ಪೆಟ್ರೋಲು ಕುಡಿಯುವ ಟೂ ಸ್ಟ್ರೋಕ್ ಹೋದದ್ದಕ್ಕೆ ಕಣ್ಣೀರು ಹಾಕಬೇಕಿಲ್ಲ. ಆದರೆ ಅದರ ಜೊತೆಗೆ ಒಂದು ತಿಳಿವಳಿಕೆಯೂ ಹೋಯಿತು. ಮುಂದಿನ ಹತ್ತು ವರ್ಷ ಖರೀದಿದಾರ ಮೈಲೇಜ್ ಒಂದನ್ನೇ ಕೇಳಿದ, ಆಮೇಲೆ ಎಚ್‌ಪಿ ಒಂದನ್ನೇ ಕೇಳತೊಡಗಿದ. ಯಾವ ಸುತ್ತಿನಲ್ಲಿ ಜಗ್ಗುತ್ತದೆ ಎಂಬ ಪ್ರಶ್ನೆ ಈ ಎರಡರ ನಡುವೆ ಕಳೆದುಹೋಯಿತು.

ಕಳೆದುಹೋದದ್ದಕ್ಕೆ ಪುರಾವೆ ನಮ್ಮ ದೇಶದ ಕ್ರೂಸರುಗಳೇ. 2001ರಲ್ಲಿ ಬಜಾಜ್ ಕಂಪನಿ ಕವಾಸಾಕಿ ಜೊತೆ ಸೇರಿ 175 ಸಿಸಿಯ ಎಲಿಮಿನೇಟರ್ ತಂದಿತು, 2005ರಲ್ಲಿ ಅದೇ ಮೈಕಟ್ಟಿಗೆ ಪಲ್ಸರಿನ ಎಂಜಿನ್ ಹಾಕಿ ಅವೆಂಜರ್ ಮಾಡಿತು. ತಗ್ಗಿನ ಸೀಟು, ಮುಂದಕ್ಕೆ ಚಾಚಿದ ಕಾಲು, ಅಗಲ ಹ್ಯಾಂಡಲ್, ಉದ್ದನೆಯ ದೇಹ, ಎಲ್ಲವೂ ಕ್ರೂಸರಿನವೇ. ಎಂಜಿನ್ ಮಾತ್ರ ಬೇರೆ ಜಾತಿಯದು. 220 ಸಿಸಿ ಅವೆಂಜರ್ ಕೊಡುವ 17.5 ಎನ್‌ಎಂ ಟಾರ್ಕ್ ಬರುವುದು 7,000 ಆರ್‌ಪಿಎಂಗೆ, ಸುಮಾರು 19 ಎಚ್‌ಪಿ ಬರುವುದು 8,400ಕ್ಕೆ. ಅಂದರೆ ಆರಾಮವಾಗಿ ಒರಗಿ ಕೂತು ನಿಧಾನ ಓಡಿಸಲು ಮಾಡಿದ ದೇಹಕ್ಕೆ ಓಡೋಡಿ ಬೆವರುವ ಎಂಜಿನ್. ಬೈಕ್ ಕೆಟ್ಟದ್ದೆಂದು ಇದರ ಅರ್ಥವಲ್ಲ, ಅಗ್ಗದ ಬೆಲೆಗೆ ಸುಖದ ಸವಾರಿ ಕೊಟ್ಟ ಗಾಡಿಯದು. ಆದರೆ 1990ರ ದಶಕದ ಕ್ರೂಸರ್ ಎಂಬ ಕಲ್ಪನೆಯಿಂದ ನಮ್ಮ ಮಾರುಕಟ್ಟೆ ತೆಗೆದುಕೊಂಡದ್ದು ಆಕಾರವನ್ನು, ಬಿಟ್ಟದ್ದು ತಿರುಳನ್ನು. ಖರೀದಿದಾರ ಆರ್‌ಪಿಎಂ ಕೇಳದಿದ್ದರೆ ಕಂಪನಿಗೆ ಅದನ್ನು ಬದಲಿಸುವ ದರ್ದಾದರೂ ಏನು?

ನವಲಗುಂದದ ರಸ್ತೆಗೆ ಬೇಕಾದದ್ದೆಷ್ಟು ಎನ್ನುವುದನ್ನೂ ಲೆಕ್ಕ ಹಾಕಬಹುದು. 2018ರ ಏಪ್ರಿಲ್‌ನ ಕೇಂದ್ರ ಸರ್ಕಾರದ ಅಧಿಸೂಚನೆ ಬೈಕುಗಳಿಗೆ ಚತುಷ್ಪಥ ಹೆದ್ದಾರಿಯಲ್ಲಿ ಗಂಟೆಗೆ 80 ಕಿ.ಮೀ., ಉಳಿದ ರಸ್ತೆಗಳಲ್ಲಿ 60 ಕಿ.ಮೀ. ಗರಿಷ್ಠ ಮಿತಿ ಹಾಕಿದೆ. ಸಮತಟ್ಟು ರಸ್ತೆಯಲ್ಲಿ ಇಬ್ಬರನ್ನು ಹೊತ್ತ ಬೈಕ್ 60ರಲ್ಲಿ ಒಂದೇ ಸಮ ಓಡಲು ಗಾಳಿಯ ತಡೆ, ಟಯರಿನ ತಿಕ್ಕಾಟ ಎಲ್ಲ ಸೇರಿ ಸುಮಾರು 3–4 ಎಚ್‌ಪಿ ಸಾಕು, 80ರಲ್ಲಿ 7ರ ಸುತ್ತಮುತ್ತ. ಹೆಚ್ಚಿನ ಶಕ್ತಿ ಬೇಕಾಗುವುದು ಮೂರು ಕಡೆ: ನಿಧಾನದಿಂದ ಮೇಲೇಳುವಾಗ, ಏರು ಹತ್ತುವಾಗ, ಮುಂದಿನ ಗಾಡಿಯನ್ನು ಹಿಂದಿಕ್ಕುವಾಗ. ನಮ್ಮ ಕಡೆ ಈ ಮೂರೂ ದಿನಾ ಎದುರಾಗುತ್ತವೆ. ಎರೆಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿದು ಮೇಲಿನ ಡಾಂಬರನ್ನು ಅಲೆಅಲೆಯಾಗಿ ಮಾಡುತ್ತದೆ. ಬೆಣ್ಣೆಹಳ್ಳದ ನೀರು ಹಾದುಹೋದ ಕಡೆ ತಗ್ಗು ಬೀಳುತ್ತದೆ. ಹೀಗಾಗಿ ವೇಗ ಕ್ಷಣಕ್ಕೊಮ್ಮೆ ಇಳಿದು ಏರುತ್ತಿರುತ್ತದೆ. ಸುಗ್ಗಿಯಲ್ಲಿ ತುಂಬಿದ ಟ್ರೇಲರ್ ಎಳೆಯುವ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡರೆ 25–30ರಿಂದ ಮತ್ತೆ ಮೇಲೇಳಬೇಕು. ನವಲಗುಂದವನ್ನು ಹಾಯುವ ರಾಷ್ಟ್ರೀಯ ಹೆದ್ದಾರಿ 52 ಹುಬ್ಬಳ್ಳಿ ದಾಟಿ ಕಲಘಟಗಿಯ ಏರಿಳಿತಕ್ಕೆ ಹೋಗಿ, ಯಲ್ಲಾಪುರದಾಚೆ ಅರಬೈಲ್ ಘಟ್ಟ ಇಳಿಯುತ್ತದೆ. ಇಂಥಲ್ಲೆಲ್ಲ ಕೆಲಸಕ್ಕೆ ಬರುವುದು ಎಂಜಿನ್ 3,000ದಿಂದ 5,000 ಸುತ್ತಿನೊಳಗೆ ಕೊಡುವ ಬಲ. 9,000ದಾಚೆಯ ಎಚ್‌ಪಿಗೆ ದುಡ್ಡು ಕೊಟ್ಟಿದ್ದರೂ ಅದು ತಿಜೋರಿಯಲ್ಲೇ ಉಳಿಯುತ್ತದೆ.

ಎಂಜಿನಿಯರಿಂಗ್ ಓದಿದವರು ಇಲ್ಲಿ ಗಟ್ಟಿ ಆಕ್ಷೇಪ ಎತ್ತುತ್ತಾರೆ. ಚಕ್ರಕ್ಕೆ ಸಿಗುವ ಬಲವನ್ನು ತೀರ್ಮಾನಿಸುವುದು ಎಂಜಿನ್ ಟಾರ್ಕ್ ಒಂದೇ ಅಲ್ಲ, ಗೇರ್ ಕೂಡ. ಗೇರ್ ಇಳಿಸಿ ಎಂಜಿನ್ನನ್ನು ಮೇಲೇರಿಸಿದರೆ ಸಣ್ಣ ಟಾರ್ಕೂ ಗುಣಿಸಿಕೊಂಡು ದೊಡ್ಡದಾಗುತ್ತದೆ, ಕೊನೆಗೆ ಗೆಲ್ಲುವುದು ಎಚ್‌ಪಿಯೇ ಎನ್ನುತ್ತಾರೆ. ಮಾತು ಸರಿ. ಪೈಪೋಟಿಗೆ ಬಿಟ್ಟರೆ ಹಗುರವಾದ ಪಲ್ಸರ್ 200, 191 ಕೆ.ಜಿ. ತೂಗುವ ಮೀಟಿಯರನ್ನು ಸುಲಭವಾಗಿ ಹಿಂದಿಕ್ಕುತ್ತದೆ. ಆದರೆ ಈ ಆಕ್ಷೇಪ ನನ್ನ ವಾದವನ್ನು ಮುರಿಯುವುದಿಲ್ಲ, ಅದಕ್ಕೇ ಬಲ ಕೊಡುತ್ತದೆ. ಎಚ್‌ಪಿ ಸಿಗುವುದು ಆ ಸುತ್ತಿಗೆ ಏರಿಸಿದವನಿಗೆ ಮಾತ್ರ. 4,000 ಆರ್‌ಪಿಎಂನಲ್ಲಿ ಮೀಟಿಯರ್ ಕೊಡುವುದು ಮೇಲಿನ ಲೆಕ್ಕದಂತೆ 15 ಎಚ್‌ಪಿಗೂ ತುಸು ಹೆಚ್ಚು. ಪಲ್ಸರ್ ತನ್ನ ಅತಿ ಹೆಚ್ಚಿನ ಟಾರ್ಕನ್ನು ಆ ಸುತ್ತಿನಲ್ಲೇ ಕೊಟ್ಟಿತೆಂದು ಉದಾರವಾಗಿ ಊಹಿಸಿದರೂ 11 ದಾಟುವುದಿಲ್ಲ. ಉಳಿದದ್ದು ಬೇಕೆಂದರೆ ಒಂದೋ ಎರಡೋ ಗೇರ್ ಇಳಿಸಿ, ಎಂಜಿನ್ ಕಿರುಚುವಂತೆ ಓಡಿಸಬೇಕು. ಅದರಲ್ಲಿ ಸಂತೋಷ ಕಾಣುವವರಿಗೆ ಆ ಗಾಡಿಯೇ ಸರಿ. ಆದರೆ ಹಿಂದೆ ವಯಸ್ಸಾದ ತಾಯಿ ಕೂತಿರುವಾಗ, ಅಥವಾ ಗೊಬ್ಬರದ ಚೀಲ ಕಟ್ಟಿರುವಾಗ ಹಾಗೆ ಓಡಿಸುವವರು ಕಡಿಮೆ. ಪದೇ ಪದೇ ಗೇರ್ ಬದಲಿಸಿ ಮೇಲಿನ ಸುತ್ತಿನಲ್ಲೇ ಓಡಿಸಿದರೆ ಕ್ಲಚ್ ಪ್ಲೇಟ್, ಚೈನ್ ಸ್ಪ್ರಾಕೆಟ್ ಬೇಗ ಸವೆಯುತ್ತವೆ, ಪೆಟ್ರೋಲು ಹೆಚ್ಚು ಉರಿಯುತ್ತದೆ. ವಿದ್ಯುತ್ ಬೈಕ್ ಬಂದರೆ ಈ ತಲೆನೋವೇ ಇಲ್ಲ, ಮೊದಲ ಸುತ್ತಿನಿಂದಲೇ ಪೂರ್ತಿ ಟಾರ್ಕ್ ಎಂದು ಕೆಲವರು ಹೇಳಬಹುದು. ಅಲ್ಲೂ ಕ್ಷಣಕಾಲ ಕೊಡುವ ಶಕ್ತಿ ಬೇರೆ, ಅರ್ಧ ಗಂಟೆ ಒಂದೇ ಸಮ ಕೊಡುವ ಶಕ್ತಿ ಬೇರೆ. ಪ್ರಶ್ನೆ ಸ್ವಲ್ಪ ಬದಲಾಗುತ್ತದೆಯೇ ಹೊರತು ಮುಗಿಯುವುದಿಲ್ಲ.

ಎರಡನೆಯ ಆಕ್ಷೇಪ ದುಡ್ಡಿನದು. 350 ಸಿಸಿ ಗಾಡಿ ಲೀಟರಿಗೆ 35 ಕಿ.ಮೀ. ಕೊಟ್ಟರೆ 100 ಸಿಸಿ ಗಾಡಿ 60 ಕೊಡುತ್ತದೆ. ತಿಂಗಳಿಗೆ 1,000 ಕಿ.ಮೀ. ಓಡಿಸುವವನಿಗೆ ಹೆಚ್ಚುಕಡಿಮೆ 12 ಲೀಟರ್ ವ್ಯತ್ಯಾಸ. ಲೀಟರಿಗೆ ನೂರೇ ರೂಪಾಯಿ ಹಿಡಿದರೂ 1,200 ರೂಪಾಯಿ. ಮಳೆ ಕೈಕೊಟ್ಟ ವರ್ಷ ಈ ದುಡ್ಡು ಸಣ್ಣದಲ್ಲ, ಆ ಹಿರಿಯರ ‘ಆ್ಯವರೇಜ್ ಎಷ್ಟು’ ಎಂಬ ಪ್ರಶ್ನೆ ಅನುಭವದಿಂದ ಬಂದದ್ದು. ಆದರೆ ನಾನು ಎಲ್ಲರೂ ದೊಡ್ಡ ಗಾಡಿ ಕೊಳ್ಳಿ ಎನ್ನುತ್ತಿಲ್ಲ. ಆರ್‌ಪಿಎಂ ಓದುವ ಅಭ್ಯಾಸ 100 ಸಿಸಿಗೂ ಅಷ್ಟೇ ಉಪಯೋಗಕ್ಕೆ ಬರುತ್ತದೆ. ಇಂದಿನ ಸ್ಪ್ಲೆಂಡರ್ ಪ್ಲಸ್ ಮತ್ತು 2023ರಲ್ಲಿ ಬಂದ ಹೋಂಡಾ ಶೈನ್ 100 ನೋಡಿ. ಎರಡರ ಟಾರ್ಕೂ 8.05 ಎನ್‌ಎಂ. ಎಚ್‌ಪಿಯಲ್ಲಿ ಸ್ಪ್ಲೆಂಡರ್ ಮುಂದೆ, ಅದು ಸುಮಾರು 8, ಶೈನ್ ಏಳೂ ಚಿಲ್ಲರೆ. ಆದರೆ ಸ್ಪ್ಲೆಂಡರ್ ಆ ಟಾರ್ಕನ್ನು 6,000 ಆರ್‌ಪಿಎಂಗೆ ಕೊಡುತ್ತದೆ, ಶೈನ್ 5,000ಕ್ಕೇ ಕೊಡುತ್ತದೆ. ಒಂದು ಗಾಡಿ ಒಳ್ಳೆಯದು, ಇನ್ನೊಂದು ಕೆಟ್ಟದ್ದು ಎಂಬ ತೀರ್ಪು ಇಷ್ಟರಿಂದಲೇ ಬರುವುದಿಲ್ಲ. ಬೆಲೆ, ಬಿಡಿಭಾಗ, ಊರಿನ ಮಿಸ್ತ್ರಿಯ ಕೈಗೆ ಪಳಗಿದೆಯೇ ಇಲ್ಲವೇ, ಎಲ್ಲವನ್ನೂ ನೋಡಬೇಕು. ಆದರೆ ಎಚ್‌ಪಿ ಹೆಚ್ಚಿದ್ದದ್ದು ಹೆಚ್ಚು ಜಗ್ಗುತ್ತದೆ ಎಂಬ ನಂಬಿಕೆ ಈ ಒಂದು ಉದಾಹರಣೆಗೇ ಸಡಿಲಾಗುತ್ತದೆ. ಮೈಲೇಜ್ ದೃಷ್ಟಿಯಿಂದಲೂ ಅಷ್ಟೇ: ಕಡಿಮೆ ಸುತ್ತಿನಲ್ಲೇ ಜಗ್ಗುವ ಎಂಜಿನ್ನನ್ನು ಹೊರೆ ಹೇರಿದಾಗಲೂ ಟಾಪ್ ಗೇರಿನಲ್ಲಿ ಇಟ್ಟುಕೊಳ್ಳಬಹುದು.

ಮೂರನೆಯದು ಕ್ರೂಸರ್ ಮೇಲೆಯೇ ಬರುವ ದೂರು: ಭಾರ, ಶೋಕಿ, ಹೊಲಕ್ಕೆ ನಾಲಾಯಕ್ಕು. ಇದರಲ್ಲಿ ಬಹಳಷ್ಟು ನಿಜವಿದೆ. ಮಳೆಗಾಲದಲ್ಲಿ ಎರೆಮಣ್ಣು ಟಯರಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡು ಚಕ್ರವೇ ತಿರುಗದಂತೆ ಆಗುತ್ತದೆ. ಆಗ ಸುಮಾರು 110 ಕೆ.ಜಿ. ಗಾಡಿಯನ್ನು ದಬ್ಬಿ ದಡ ಸೇರಿಸಬಹುದು, 190ರದ್ದನ್ನು ಸೇರಿಸಲು ಇನ್ನಿಬ್ಬರನ್ನು ಕರೆಯಬೇಕು. ಉದ್ದನೆಯ ದೇಹ ನೇರ ರಸ್ತೆಯಲ್ಲಿ ಅಲುಗಾಡದೆ ಓಡಿಸುತ್ತದೆ, ಸಂದಿಯಲ್ಲಿ ತಿರುಗಿಸಲು ಕಷ್ಟ ಕೊಡುತ್ತದೆ. 1990ರ ದಶಕದ ಅಮೆರಿಕದ ಹೆದ್ದಾರಿಗೆ ಮಾಡಿದ 300 ಕೆ.ಜಿ. ಯಂತ್ರ ನಮ್ಮ ಹಳ್ಳಿಯ ದಾರಿಗೆ ಬರಲೆಂದು ಯಾರೂ ಬಯಸಬೇಕಿಲ್ಲ. ಅದರಿಂದ ಕಲಿಯಬೇಕಾದದ್ದು ಆಕಾರವನ್ನಲ್ಲ, ತೂಕವನ್ನಲ್ಲ, ಕ್ರೋಮಿನ ಹೊಳಪನ್ನಂತೂ ಅಲ್ಲ. ಗಾಡಿ ಯಾವ ಕೆಲಸಕ್ಕೆ, ಆ ಕೆಲಸಕ್ಕೆ ಬೇಕಾದ ಸುತ್ತಿನಲ್ಲಿ ಶಕ್ತಿ ಇರಲಿ, ಉಳಿದದ್ದನ್ನು ಬಿಟ್ಟುಕೊಡೋಣ ಎಂಬ ಧೈರ್ಯವನ್ನು ಕಲಿಯಬೇಕು. ರಾಯಲ್ ಸ್ಟಾರ್‌ನ ಎಂಜಿನಿಯರುಗಳು 71 ಎಚ್‌ಪಿ ಬಿಟ್ಟುಕೊಟ್ಟದ್ದು ಕೈಲಾಗದೆ ಅಲ್ಲ.

ಎಚ್‌ಪಿಯ ಮೋಹಕ್ಕೆ ಇನ್ನೊಂದು ಬೆಲೆಯೂ ಇದೆ. ಬ್ರೇಕ್ ಹಿಡಿದು ನಿಲ್ಲಿಸಬೇಕಾದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 60ರಿಂದ 90ಕ್ಕೆ ಹೋದರೆ ವೇಗ ಒಂದೂವರೆ ಪಟ್ಟು, ನಿಲ್ಲಿಸಲು ಬೇಕಾದ ದೂರ ಎರಡು ಪಟ್ಟಿಗೂ ಹೆಚ್ಚು. ರಾತ್ರಿ ಹಿಂದಿನ ದೀಪವಿಲ್ಲದ ಟ್ರೇಲರ್, ಅಡ್ಡ ಬರುವ ದನ, ಕಾಲುವೆ ದಂಡೆಯಿಂದ ದಿಢೀರನೆ ಹೆದ್ದಾರಿಗೆ ಏರುವ ಗಾಡಿ ಇರುವ ಕಡೆ ಈ ದೂರವೇ ಜೀವ ಉಳಿಸುವುದು. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಎಲ್ಲ ಹೊಸ ಬೈಕಿಗೂ, ಬ್ರೇಕ್ ಹಿಡಿದಾಗ ಚಕ್ರ ಬಿಗಿದು ನಿಲ್ಲದಂತೆ ತಡೆಯುವ ಎಬಿಎಸ್ ಕಡ್ಡಾಯವಾಗಿದೆ. ಬಹುಪಾಲು ಹಳ್ಳಿಯವರು ಕೊಳ್ಳುವ ಅದಕ್ಕಿಂತ ಸಣ್ಣ ಗಾಡಿಗಳಿಗೆ ಎರಡೂ ಬ್ರೇಕ್ ಒಟ್ಟಿಗೆ ಹಿಡಿಯುವ ಸಿಬಿಎಸ್ ಇದ್ದರೆ ಸಾಕೆಂದು ಅದೇ ನಿಯಮ ಹೇಳಿತು. ಇಬ್ಬರು ಕೂತಾಗ 60ರ ವೇಗದಿಂದ ಎಷ್ಟು ಮೀಟರಿನಲ್ಲಿ ನಿಲ್ಲುತ್ತದೆ ಎಂದು ಬಣ್ಣದ ಹಾಳೆ ಹೇಳುವುದೇ ಇಲ್ಲ. ಮುನ್ನುಗ್ಗುವ ಅಂಕಿ ದಪ್ಪಕ್ಷರದಲ್ಲಿ, ನಿಲ್ಲುವ ಅಂಕಿ ಎಲ್ಲೂ ಇಲ್ಲ.

ಆದ್ದರಿಂದ ಬದಲಾಗಬೇಕಾದದ್ದು ಎರಡು ಕಡೆ. ಕೇಂದ್ರ ಸಾರಿಗೆ ಸಚಿವಾಲಯ ಪ್ರತಿ ಬೈಕಿನ ವಿವರಪಟ್ಟಿಯಲ್ಲಿ ಮೂರು ಸಂಖ್ಯೆಗಳನ್ನು ಕನ್ನಡವೂ ಸೇರಿದಂತೆ ಆಯಾ ರಾಜ್ಯದ ಭಾಷೆಯಲ್ಲಿ ದಪ್ಪಕ್ಷರದಲ್ಲೇ ಹಾಕಿಸಬೇಕು: ಟಾಪ್ ಗೇರಿನಲ್ಲಿ 60 ಕಿ.ಮೀ. ವೇಗದಲ್ಲಿ ಎಂಜಿನ್ ಸುತ್ತುವ ಆರ್‌ಪಿಎಂ, ಆ ಸುತ್ತಿನಲ್ಲಿ ಸಿಗುವ ಟಾರ್ಕ್, ಇಬ್ಬರು ಕೂತಾಗ 60ರಿಂದ ಪೂರ್ತಿ ನಿಲ್ಲಲು ಬೇಕಾದ ದೂರ. ಗಾಡಿಯನ್ನು ಪರೀಕ್ಷೆಗೆ ಇಟ್ಟಾಗ ಕಂಪನಿಗಳ ಬಳಿ ಈ ಮಾಹಿತಿ ಇದ್ದೇ ಇರುತ್ತದೆ, ಅಚ್ಚು ಹಾಕಲು ಹೆಚ್ಚಿನ ಖರ್ಚಿಲ್ಲ. ಅಲ್ಲಿಯತನಕ ಕೊಳ್ಳುವವರು ತಾವೇ ಕೇಳಬೇಕು. ಎರಡು ಗಾಡಿಗಳ ಟಾರ್ಕ್, ಆರ್‌ಪಿಎಂ ಬರೆದುಕೊಂಡು, ಗುಣಿಸಿ, 7,000ದಿಂದ ಭಾಗಿಸಿ ನೋಡುವುದು ಎಂಟನೆಯ ಇಯತ್ತೆಯ ಮಕ್ಕಳಿಗೂ ಬರುವ ಲೆಕ್ಕ. ಟೆಸ್ಟ್ ರೈಡಿಗೆ ಒಬ್ಬರೇ ಹೋಗದೆ ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಮೂರನೆಯ ಗೇರಿನಲ್ಲಿ 25ರಿಂದ ಎಕ್ಸಲರೇಟರ್ ಕೊಟ್ಟು ಗಾಡಿ ತಡವರಿಸುತ್ತದೆಯೋ ಏಳುತ್ತದೆಯೋ ಪರೀಕ್ಷಿಸಬೇಕು. ಶೋರೂಮಿನವರು ನೂರು ಜನರಿಂದ ಈ ಪ್ರಶ್ನೆ ಕೇಳಿದರೆ ಕಂಪನಿಗೆ ಬರೆಯುತ್ತಾರೆ, ಕಂಪನಿ ಸಾವಿರ ಶೋರೂಮಿನಿಂದ ಕೇಳಿದರೆ ಎಂಜಿನ್ ಬದಲಿಸುತ್ತದೆ. 1990ರ ದಶಕದಲ್ಲಿ ಮೈಲೇಜ್ ಕೇಳಿ ಕೇಳಿಯೇ ಈ ದೇಶದ ಖರೀದಿದಾರ ಇಡೀ ಮಾರುಕಟ್ಟೆಯನ್ನು ತಿರುಗಿಸಿದ್ದ. ಈ ಪ್ರಶ್ನೆಗೂ ಅಷ್ಟೇ ಶಕ್ತಿ ಇದೆ.